ಧಾರವಾಡದ ವೈದ್ಯ, ರಾಜ್ಯಸಭಾ ಸದಸ್ಯ ಡಾ. ನಾ. ಸು. ಹರ್ಡೀಕರ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾ. ಶರಣಪ್ರಕಾಶ ಪಾಟೀಲ ಅವರಿಗೆ,
ವೈದ್ಯಕೀಯ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ

ಸಾದರ ವಂದನೆಗಳು.

ತಾವು ವೈದ್ಯಕೀಯ ಓದಿ, ಸೇಡಂ ಕ್ಷೇತ್ರದ ಜನರ ಪ್ರತಿನಿಧಿಯಾಗಿ ವಿಧಾನಸಭೆಗೆ ಬಂದವರು. ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಹೊಣೆ ಇಂದು ತಮ್ಮ ಮೇಲಿದೆ. ಹೀಗಾಗಿ, ವೈದ್ಯ ಪದವಿ ಪಡೆದು, ಸ್ವಾತಂತ್ರ್ಯ ಚಳವಳಿಗೆ ದುಡಿದು, ಹತ್ತು ವರ್ಷ ರಾಜ್ಯಸಭೆಯಲ್ಲಿ ಕುಳಿತ ಧಾರವಾಡದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ವಿಷಯವನ್ನು ಹೇಳಿಕೊಳ್ಳಲು ತಮಗಿಂತ ತಕ್ಕವರು ನನಗೆ ಕಾಣಲಿಲ್ಲ. ಅವರು ಹುಟ್ಟಿದ ನೆಲದಲ್ಲಿ ಇಂದು ವೈದ್ಯಕೀಯ ಕಲಿಯುತ್ತಿರುವ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲವೆಂಬ ಕೊರಗು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಹೆಸರು ಕೇಳಿದವರಲ್ಲಿಯೂ ಅನೇಕರು ಅವರನ್ನು ‘ಕರ್ನಾಟಕದ ಗಾಂಧಿ’ ಎನಿಸಿದ ಹರ್ಡೇಕರ ಮಂಜಪ್ಪನವರೆಂದೇ ತಿಳಿಯುತ್ತಾರೆ. ಇಬ್ಬರೂ ದೊಡ್ಡವರು, ಸಮಕಾಲೀನರು. ಆದರೆ ಇಬ್ಬರ ದಾರಿಯೂ ಬೇರೆ ಬೇರೆ.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ವೈದ್ಯಕೀಯ ಕಲಿತದ್ದು ಕಲ್ಕತ್ತೆಯಲ್ಲಿ. ಅಲ್ಲಿಂದ ಊರಿಗೆ ಮರಳಿ ದವಾಖಾನೆ ತೆರೆದಿದ್ದರೆ ಅವರಿಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಅವರು ಅಮೆರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿದರು. ಈ ಆಯ್ಕೆಯನ್ನು ತಾವು ವೈದ್ಯರ ಕಣ್ಣಿನಿಂದ ನೋಡಬೇಕೆಂದು ಕೋರುತ್ತೇನೆ. ರೋಗಿಯೊಬ್ಬನ ನಾಡಿ ಹಿಡಿಯುವ ವಿದ್ಯೆಯ ಜೊತೆಗೆ, ಒಂದು ಊರಿಗೆ ಊರೇ ಏಕೆ ಕಾಯಿಲೆ ಬೀಳುತ್ತದೆ, ಆ ಊರಿನ ನೀರು, ಚರಂಡಿ, ಮನೆಗಳ ಕಟ್ಟಣೆ, ಕೂಲಿ ಇವುಗಳಿಗೂ ಕಾಯಿಲೆಗೂ ಏನು ಸಂಬಂಧ ಎಂದು ಕೇಳುವ ವಿದ್ಯೆ ಅದು. ಆ ಪ್ರಶ್ನೆಗೆ ಔಷಧದ ಚೀಟಿಯಲ್ಲಿ ಉತ್ತರ ಬರೆಯಲಾಗುವುದಿಲ್ಲ. ಪುರಸಭೆ, ಶಾಸನಸಭೆಗಳವರೆಗೆ ಹೋಗಲೇಬೇಕಾಗುತ್ತದೆ. ಹರ್ಡೀಕರರು ರಾಜಕೀಯಕ್ಕೆ ಬಂದದ್ದನ್ನು ವೃತ್ತಿಯನ್ನು ತೊರೆದ ಕಥೆಯಾಗಿ ಹೇಳುವುದು ವಾಡಿಕೆ. ಅವರು ಕಲಿತ ವಿದ್ಯೆಯೇ ಅವರನ್ನು ಅಲ್ಲಿಗೆ ಕರೆತಂದಿತೆಂದು ನಾನು ನಂಬಿದ್ದೇನೆ.

ಅಮೆರಿಕೆಯಲ್ಲಿದ್ದಾಗಲೇ ಅವರು ಲಾಲಾ ಲಜಪತರಾಯರ ಜೊತೆಗೂಡಿದರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಲಜಪತರಾಯರು ಇಂಡಿಯಾ ಹೋಮ್ ರೂಲ್ ಲೀಗ್ ಸ್ಥಾಪಿಸಿದಾಗ ಅದರ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು. ಸ್ವದೇಶಕ್ಕೆ ಬಂದ ಮೇಲೆ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರ ಮಾಡಿಕೊಂಡು ಗೆಳೆಯರೊಂದಿಗೆ ಹುಬ್ಬಳ್ಳಿ ಸೇವಾ ಮಂಡಳವನ್ನು ಕಟ್ಟಿದರು. ರಾಷ್ಟ್ರೀಯ ಧ್ವಜ ಹಿಡಿದು ಮೆರವಣಿಗೆ ಹೋಗುವ ಹಕ್ಕಿಗಾಗಿ ನಡೆದ 1923ರ ನಾಗಪುರ ಝಂಡಾ ಸತ್ಯಾಗ್ರಹದಲ್ಲಿ ಸೆರೆಯಾದ ಈ ಮಂಡಳದವರು ಕ್ಷಮಾಪಣೆ ಬರೆದುಕೊಟ್ಟು ಹೊರಬರಲು ಒಪ್ಪದೆ ಶಿಕ್ಷೆಯನ್ನು ಪೂರ್ತಿ ಅನುಭವಿಸಿದರು. ಅವರ ಶಿಸ್ತು ದೇಶದ ನಾಯಕರ ಗಮನ ಸೆಳೆಯಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಪಕ್ಷದ ಸ್ವಯಂಸೇವಕರ ಸಂಘಟನೆಯಾದ ಹಿಂದುಸ್ತಾನಿ ಸೇವಾ ದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು. ಕಟ್ಟಿ ಬೆಳೆಸಿದವರು ಹರ್ಡೀಕರರು. ದಳದ ‘ದಿ ವಾಲಂಟಿಯರ್’ ಪತ್ರಿಕೆ ಹೊರಡುತ್ತಿದ್ದುದು ನಮ್ಮ ಹುಬ್ಬಳ್ಳಿಯಿಂದ.

ಸಮವಸ್ತ್ರ, ಕವಾಯತು, ಸಾಲುನಡಿಗೆಗಳನ್ನು ಕಂಡು ಇದು ಅಹಿಂಸೆಯ ಚಳವಳಿಗೆ ಸೈನ್ಯದ ರೀತಿಯನ್ನು ತರುತ್ತದೆಂದು ಆಗಲೇ ಕಾಂಗ್ರೆಸ್ಸಿನ ಕೆಲವು ಹಿರಿಯರು ಆಕ್ಷೇಪಿಸಿದ್ದರು. ಇತಿಹಾಸ ಬರೆದವರೂ ಬಹುಮಟ್ಟಿಗೆ ಕವಾಯತನ್ನೇ ನೋಡಿದ್ದಾರೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆದಾಗ ಸ್ವಯಂಸೇವಕರು ಹೊತ್ತ ಹೊಣೆಯನ್ನು ನೆನೆದರೆ ಬೇರೊಂದು ಚಿತ್ರ ಕಾಣುತ್ತದೆ. ಸಾವಿರಾರು ಜನ ಬಯಲಿನಲ್ಲಿ ಬಿಡಾರ ಹೂಡಿದಾಗ ಕುಡಿಯುವ ನೀರು, ಅಡುಗೆಯ ಶುಚಿತ್ವ, ಪಾಯಿಖಾನೆ, ಕಸ ಇವುಗಳನ್ನು ನೋಡಿಕೊಳ್ಳದಿದ್ದರೆ ಕಾಲರಾ ಹಬ್ಬಲು ಎರಡು ದಿನ ಸಾಕು. ಸಾರ್ವಜನಿಕ ಆರೋಗ್ಯ ಕಲಿತ ವೈದ್ಯರೊಬ್ಬರು ಯುವಕರಿಗೆ ಶಿಸ್ತು ಕಲಿಸಲು ಹೊರಟಾಗ ಇದು ಅವರ ಮನಸ್ಸಿನಲ್ಲಿ ಇರಲಿಲ್ಲವೆಂದು ನಾನು ಒಪ್ಪಲಾರೆ. ದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಅವರು ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಸೇವೆಗೆ ಕರೆತಂದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಬ್ರಿಟಿಷ್ ಸರ್ಕಾರ 1932ರಲ್ಲಿ ದಳವನ್ನು ನಿಷೇಧಿಸಿತು.

ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಹರ್ಡೀಕರರು ರಾಜ್ಯಸಭೆಗೆ ಹೋದರು. ಆಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1962ರಲ್ಲಿ ಅವರ ಅವಧಿ ಮುಗಿಯುವ ಹೊತ್ತಿಗೆ ಏಕೀಕರಣವಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. 1958ರಲ್ಲಿ ಪದ್ಮಭೂಷಣ ಬಂತು. ದಿಲ್ಲಿಯ ಪದವಿಗಳಿಗಿಂತ ನನಗೆ ಮುಖ್ಯವೆನಿಸುವುದು ಘಟಪ್ರಭಾದ ಆಸ್ಪತ್ರೆ, ಕರ್ನಾಟಕ ಆರೋಗ್ಯಧಾಮ. ಡಾ. ಕೊಕಟನೂರ ಮೊದಲಾದ ವೈದ್ಯರೊಂದಿಗೆ ಆ ಸಂಸ್ಥೆಗಾಗಿ ಅವರು ದುಡಿದದ್ದನ್ನು ನೋಡಿದರೆ, ಸಂಸತ್ತಿಗೆ ಹೋದ ವೈದ್ಯರು ವೈದ್ಯರಾಗಿಯೇ ಉಳಿದರೆಂಬುದು ತಿಳಿಯುತ್ತದೆ. 1975ರ ಆಗಸ್ಟ್ 26ರಂದು ಅವರು ತೀರಿಕೊಂಡರು. ಜನ್ಮಶತಮಾನೋತ್ಸವದ ವರ್ಷವಾದ 1989ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಪ್ರತಿ ವರ್ಷ ಜುಲೈ 1ರಂದು ವೈದ್ಯರ ದಿನಾಚರಣೆಯಲ್ಲಿ ನಮ್ಮ ಕಾಲೇಜುಗಳು ಡಾ. ಬಿ. ಸಿ. ರಾಯ್ ಅವರನ್ನು ನೆನೆಯುತ್ತವೆ. ಅದು ಸರಿಯೇ. 1923ರಲ್ಲಿ ಬಂಗಾಳದ ಶಾಸನಸಭೆಗೆ ಗೆದ್ದು, ಮುಂದೆ 1948ರಿಂದ ಸಾಯುವವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಆ ಮಹನೀಯರನ್ನು ಎಷ್ಟು ನೆನೆದರೂ ಸಾಲದು. ಆದರೆ ಹುಬ್ಬಳ್ಳಿಯಲ್ಲಿಯೂ ಅದೇ ವೇದಿಕೆಯ ಮೇಲೆ, ಅದೇ 1923ರಲ್ಲಿ ಆ ಊರಿನಿಂದಲೇ ಹೊರಟು ನಾಗಪುರದ ಸೆರೆಮನೆ ಸೇರಿದವರ ಮುಂದಾಳಾಗಿದ್ದ ವೈದ್ಯರ ಹೆಸರು ಕೇಳಿಬರದಿರುವುದು ನನಗೆ ನೋವು ತರುತ್ತದೆ. ಇದನ್ನು ಯಾವ ಪಕ್ಷದ ಪರವಾಗಿಯೂ ಬರೆಯುತ್ತಿಲ್ಲ. ಸೇವಾ ದಳ ಕಾಂಗ್ರೆಸ್ಸಿನದ್ದಾಗಿರಬಹುದು. ಹರ್ಡೀಕರರ ಬಾಳು ಈ ನಾಡಿನ ವೈದ್ಯ ಪರಂಪರೆಗೆ ಸೇರಿದ್ದು.

ಆದ್ದರಿಂದ ನನ್ನ ಮುಖ್ಯ ಕೋರಿಕೆ ಪ್ರತಿಮೆ, ವೃತ್ತ, ನಾಮಫಲಕಗಳದ್ದಲ್ಲ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ಇಂದಿಗೂ ಕೆಎಂಸಿ ಎಂದೇ ಉಳಿದಿರುವ ಕಾಲೇಜು, ಗದಗದ ವೈದ್ಯಕೀಯ ಕಾಲೇಜಾದ ಜಿಮ್ಸ್, ಹಾವೇರಿಯ ಹೊಸ ಕಾಲೇಜು, ಈ ಮೂರೂ ತಮ್ಮ ಇಲಾಖೆಯವು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಂತೆ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕುಟುಂಬಗಳ ಮನೆಗೆ ಹೋಗಿ ರಕ್ತಹೀನತೆ, ರಕ್ತದೊತ್ತಡ, ಕುಡಿಯುವ ನೀರು, ಶೌಚಾಲಯಗಳ ಸ್ಥಿತಿಯನ್ನು ಬರೆದುಕೊಳ್ಳಬೇಕು. ಬರೆದದ್ದೆಲ್ಲ ಲಾಗ್ ಪುಸ್ತಕದಲ್ಲಿ ಸಹಿ ಬಿದ್ದು, ಪರೀಕ್ಷೆ ಮುಗಿದೊಡನೆ ಕಪಾಟು ಸೇರಿದರೆ ಆ ಕುಟುಂಬಕ್ಕೆ ಬಂದ ಲಾಭವೇನು? ಕಂಡದ್ದನ್ನು, ಯಾವ ಮನೆಯ ಹೆಸರೂ ಹೊರಬೀಳದಂತೆ, ಕನ್ನಡದಲ್ಲಿ ಒಂದೆರಡು ಪುಟದ ವರದಿಯಾಗಿ ಬರೆದು, ಸಮುದಾಯ ವೈದ್ಯಶಾಸ್ತ್ರ ವಿಭಾಗದ ಅಧ್ಯಾಪಕರ ಸಮ್ಮುಖದಲ್ಲಿ ವಿದ್ಯಾರ್ಥಿಗಳೇ ಅದನ್ನು ಆಯಾ ಊರಿನ ಗ್ರಾಮಸಭೆಯಲ್ಲಿ ಓದುವಂತೆ ಈ ಮೂರು ಕಾಲೇಜುಗಳಲ್ಲಿ ಹರ್ಡೀಕರರ ಹೆಸರಿನಲ್ಲಿ ಒಂದು ಕ್ರಮವನ್ನು ಆರಂಭಿಸಬೇಕೆಂದು ಬೇಡುತ್ತೇನೆ. ವೈದ್ಯನು ಕಂಡ ಕಾಯಿಲೆ ತೀರ್ಮಾನ ಮಾಡುವ ಸಭೆಯನ್ನು ಮುಟ್ಟಬೇಕು. ಹರ್ಡೀಕರರು ಬಾಳಿನುದ್ದಕ್ಕೂ ನಡೆದ ಹಾದಿ ಅದು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ತಮ್ಮ ಇಲಾಖೆಯ ಒಂದು ಸುತ್ತೋಲೆ, ಗ್ರಾಮೀಣಾಭಿವೃದ್ಧಿ ಇಲಾಖೆಯ ಒಪ್ಪಿಗೆ ಸಾಕು.

ಇನ್ನೊಂದು ಮಾತು. ಹರ್ಡೀಕರರ ಕಾಗದಪತ್ರಗಳ ಸಂಗ್ರಹ ದಿಲ್ಲಿಯ ತೀನ್ ಮೂರ್ತಿಯಲ್ಲಿ, ಹಿಂದೆ ನೆಹರೂ ಸ್ಮಾರಕವೆನಿಸಿದ್ದು ಈಗ ಪ್ರಧಾನಮಂತ್ರಿಗಳ ಸಂಗ್ರಹಾಲಯವೆನಿಸಿರುವ ಗ್ರಂಥಾಲಯದಲ್ಲಿದೆ. ಧಾರವಾಡದ ವಿದ್ಯಾರ್ಥಿಯೊಬ್ಬ ತನ್ನ ಊರಿನವರನ್ನು ಕುರಿತು ಓದಲು ದಿಲ್ಲಿಗೆ ಹೋಗಿ ಬಾಡಿಗೆ ಕೋಣೆ ಹಿಡಿಯಬೇಕಾಗುತ್ತದೆ. ಆ ಸಂಗ್ರಹದ ಡಿಜಿಟಲ್ ಪ್ರತಿಯನ್ನು ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೂ ತರಿಸಿಕೊಡಲು ರಾಜ್ಯ ಸರ್ಕಾರದಿಂದ ಪತ್ರ ಹೋಗಬೇಕು. ಒಬ್ಬ ಅಧ್ಯಾಪಕ ಕೇಳಿದರೆ ಆಗದ ಕೆಲಸ ಸಚಿವರು ಕೇಳಿದರೆ ಆಗಬಹುದೆಂಬ ಭರವಸೆ ನನಗಿದೆ.

ಬರುವ ಮೇ 7ರೊಳಗೆ ಗ್ರಾಮಸಭೆಯ ವರದಿಯ ಕೆಲಸವನ್ನು ಮೂರೂ ಜಿಲ್ಲೆಗಳ ಒಂದೊಂದು ಹಳ್ಳಿಯಲ್ಲಾದರೂ ಆರಂಭಿಸಲು ಕಾಲೇಜುಗಳ ನಿರ್ದೇಶಕರಿಗೆ ತಾವು ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ