ಮೇಲಿಂದ ಕಿವಿಗೊಟ್ಟಿರೋ ಸ್ಯಾಟಲೈಟ್‌ಗಳು

ಸಂಪಾದಕರಿಗೆ ನಮಸ್ಕಾರ,

ನಮ್ಮ ಗೌರಿಬಿದನೂರಿನ ರೇಡಿಯೋ ಟೆಲಿಸ್ಕೋಪ್ ಸೂರ್ಯ, ನಕ್ಷತ್ರದ ಕಡೆ ಕಿವಿಗೊಟ್ಟು ಕೂತಿದ್ರೆ, ಈಗ ಪ್ರೈವೇಟ್ ಕಂಪನಿಗಳು ಉಲ್ಟಾ ಮೇಲಿಂದ ಭೂಮಿಯ ರೇಡಿಯೋ ಸಿಗ್ನಲ್‌ಗಳನ್ನ ಕೇಳಿಸ್ಕೊಳ್ತಿವೆ. ಅಮೆರಿಕದ ಹಾಕ್‌ಐ 360 ಕಂಪನಿ 2018ರ ಡಿಸೆಂಬರ್‌ನಲ್ಲಿ ಮೂರು ಪುಟ್ಟ ಸ್ಯಾಟಲೈಟ್ ಹಾರಿಸ್ತು, ಇಂಥವು ಮೂರು ಜೊತೇಲೇ ಸುತ್ತುತ್ವೆ, ಒಂದೇ ಸಿಗ್ನಲ್ ಒಂದೊಂದಕ್ಕೆ ಚೂರು ಹಿಂದೆಮುಂದೆ ತಲುಪುತ್ತೆ, ಫ್ರೀಕ್ವೆನ್ಸೀಲೂ ಸ್ವಲ್ಪ ವ್ಯತ್ಯಾಸ ಇರುತ್ತೆ, ಆ ಲೆಕ್ಕದ ಮೇಲೆ ಸಿಗ್ನಲ್ ಎಲ್ಲಿಂದ ಬಂತು ಅಂತ ಹೇಳ್ತಾರೆ. ಎಐಎಸ್, ಅಂದ್ರೆ ಹಡಗು ಎಲ್ಲಿದೆ ಅಂತ ರೇಡಿಯೋದಲ್ಲಿ ಸಾರೋ ಸಾಧನ, ಅದನ್ನ ಆಫ್ ಮಾಡಿ ಕದ್ದು ಮೀನು ಹಿಡಿಯೋ ಹಡಗು ರೇಡಾರ್ ಆನ್ ಇಟ್ಕೊಂಡ್ರೆ ಸಿಕ್ಕಿಬೀಳಬಹುದು. ಜಿಪಿಎಸ್ ಜಾಮ್ ಮಾಡೋರ ಜಾಗಾನೂ ಪತ್ತೆ ಹಚ್ತಾರಂತೆ.

ಭೇಷ್, ಒಪ್ಕೊಳ್ತೀನಿ. ಆದ್ರೆ ಇದು ಮಾರೋ ಡೇಟಾ ಸ್ವಾಮಿ, ಕೊಂಡ್ಕೊಳ್ಳೋರಲ್ಲಿ ಮಿಲಿಟರಿಗಳೂ ಇದಾರೆ. 2020ರ ನವೆಂಬರ್‌ನಲ್ಲಿ ನಮ್ಮ ಪಿಎಸ್‌ಎಲ್‌ವಿ-ಸಿ49 ರಾಕೆಟ್ಟೇ ಲಕ್ಸೆಂಬರ್ಗಿನ ಕ್ಲಿಯೋಸ್ ಕಂಪನಿಯ ಇಂಥವೇ ನಾಲ್ಕನ್ನ ಹೊತ್ಕೊಂಡು ಹೋಯ್ತು, ಎಷ್ಟು ಜನಕ್ಕೆ ಗೊತ್ತು? ಕ್ಯಾಮೆರಾ ಸ್ಯಾಟಲೈಟ್ ಬಗ್ಗೆ ಮಾತಾಡೋರು ಇದರ ಬಗ್ಗೆ ಬಾಯೇ ಬಿಡಲ್ಲ, ಇದಕ್ಕಂತೂ ಮೋಡ, ಕತ್ತಲೆ ಯಾವ್ದೂ ಅಡ್ಡಿಯಿಲ್ಲ. ನಮ್ಮ ನೆಲದ ಸಿಗ್ನಲ್ ಡೇಟಾ ಯಾರು ಯಾರಿಗೆ ಮಾರಬಹುದು ಅನ್ನೋದನ್ನ ನಿಮ್ಮ ವಿಜ್ಞಾನ ಪುಟದಲ್ಲಿ ಗೊತ್ತಿರೋರ ಹತ್ರ ಒಂದ್ಸಲ ಬರೆಸಿ.

– ಒಬ್ಬ ಓದುಗ, ಗೌರಿಬಿದನೂರು, ಚಿಕ್ಕಬಳ್ಳಾಪುರ ಜಿಲ್ಲೆ