ಇನ್ನು ಮುಂದೆ ದೂರದಿಂದಲೇ ಆಂಟಿವೈರಸ್ ಹಾಕಿಕೊಡುವುದಿಲ್ಲ, ಮನೆಗೇ ಬರುತ್ತೇವೆ

ಡೊಂಬಿವಲಿ, ಕಲ್ಯಾಣ್, ಠಾಣೆ, ಮುಲುಂಡ್ ಕಡೆಯ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ವಿಷಯ ನೇರವಾಗಿ ಹೇಳುತ್ತೇವೆ. ನಿಮ್ಮ ಕಂಪ್ಯೂಟರಿನಲ್ಲಿ ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ನಾವು ಅಂಗಡಿಯಲ್ಲೇ ಕೂತು ಆಂಟಿವೈರಸ್ ಇನ್‌ಸ್ಟಾಲ್ ಮಾಡಿಕೊಡುತ್ತಿದ್ದೆವಲ್ಲ, ಅದನ್ನು ಮುಂದಿನ ತಿಂಗಳ 1ನೇ ತಾರೀಖಿನಿಂದ ನಿಲ್ಲಿಸುತ್ತಿದ್ದೇವೆ. ಮನೆಗೆ ಬಂದು ನಿಮ್ಮ ಎದುರೇ ಮಾಡಿಕೊಡುತ್ತೇವೆ. ಇಲ್ಲವೇ ನೀವೇ ಲ್ಯಾಪ್‌ಟಾಪ್ ಅಂಗಡಿಗೆ ತನ್ನಿ. ಹಣ ಮೊದಲಿನಷ್ಟೇ.

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಕ್ಕಳು ನಮಗೆ ಫೋನ್ ಮಾಡಿ, "ಅಮ್ಮನ ಕಂಪ್ಯೂಟರ್‌ಗೆ ಅಲ್ಲಿಂದಲೇ ಒಂದು ಆಂಟಿವೈರಸ್ ಹಾಕಿಬಿಡಿ" ಅನ್ನುತ್ತಿದ್ದರು. ಅವರಿಗೆ ಇದರಿಂದ ತೊಂದರೆ ಆಗುತ್ತದೆ, ಗೊತ್ತು. ಆದರೆ ಒಂದು ಸಲ ಯೋಚಿಸಿ. ಫೋನಿನಲ್ಲಿ ಒಬ್ಬರು ಕೇಳಿದ ತಕ್ಷಣ ಪರದೆಯ ಮೇಲಿನ ಕೋಡ್ ಓದಿ ಹೇಳುವುದು, ಬಂದ ಪ್ರಶ್ನೆಗೆಲ್ಲ 'ಅಲೋ' (ಅನುಮತಿ ಇದೆ) ಅಂತ ಒತ್ತುವುದು, ಈ ಅಭ್ಯಾಸವನ್ನೇ ಮೋಸಗಾರರು ಕಾಯುತ್ತಿರುತ್ತಾರೆ. ಆ್ಯಪ್ ಕೆಟ್ಟದ್ದಲ್ಲ, ಆಚೆ ಕೂತವರು ಯಾರು ಅನ್ನುವುದು ನಿಮಗೆ ಕಾಣುವುದಿಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ನಾವೇ ಆ ಅಭ್ಯಾಸ ಮಾಡಿಸುವುದು ಬೇಡ.

ಇನ್ನೊಂದು ಕಾರಣ ಕೆಲಸದ್ದೇ. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಜನ ಹೊಸ ಸಾಫ್ಟ್‌ವೇರ್ ಸರಿ ಇಲ್ಲ ಅಂದುಕೊಳ್ಳುತ್ತಾರೆ. ತೊಂದರೆ ಜಾಸ್ತಿ ಸಲ ಇರುವುದು ಕಂಪ್ಯೂಟರ್ ಒಳಗೆ ಮೊದಲೇ ಇದ್ದದ್ದರಲ್ಲಿ. ಹೊಸ ಲ್ಯಾಪ್‌ಟಾಪ್ ಜೊತೆ ಮ್ಯಾಕಫಿಯೋ ನಾರ್ಟನ್ನೋ ಆಂಟಿವೈರಸ್‌ನ ಟ್ರಯಲ್ ಬಂದಿರುತ್ತದೆ, ಅವಧಿ ಮುಗಿದರೂ ಅದು ಅಲ್ಲೇ ಕೂತಿರುತ್ತದೆ, ಅದರ ಮೇಲೆ ನೀವು ಕ್ವಿಕ್ ಹೀಲ್‌ನಂಥ ಇನ್ನೊಂದು ಆಂಟಿವೈರಸ್ ಹಾಕಲು ಹೋದರೆ ಎರಡೂ ಒಂದೇ ಫೈಲನ್ನು ಹಿಡಿದುಕೊಂಡು ಜಗ್ಗಾಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೂ ಕೆಲವೊಮ್ಮೆ ಚೂರುಪಾರು ಉಳಿಯುತ್ತದೆ, ಹಳೇ ಬಾಡಿಗೆದಾರ ಬೀಗದ ಕೈ ಕೊಡದೇ ಹೋದ ಹಾಗೆ. ಅದಕ್ಕೆ ಆಯಾ ಕಂಪನಿಯವರೇ ಕೊಡುವ ರಿಮೂವಲ್ ಟೂಲ್ ಓಡಿಸಬೇಕು, ಕೆಲವನ್ನು ಸೇಫ್ ಮೋಡ್‌ನಲ್ಲೇ, ಅಂದರೆ ಬೇಕಾದಷ್ಟೇ ಭಾಗ ಇಟ್ಟುಕೊಂಡು ವಿಂಡೋಸ್ ಶುರುವಾಗುವ ಸ್ಥಿತಿಯಲ್ಲೇ, ಓಡಿಸಬೇಕು. ಸೇಫ್ ಮೋಡ್‌ಗೆ ಹೋದರೆ ದೂರದ ಸಂಪರ್ಕ ಸಾಮಾನ್ಯವಾಗಿ ಕಡಿದೇ ಹೋಗುತ್ತದೆ. ಆಮೇಲೆ ಫೋನಿನಲ್ಲಿ "ಈಗ ಏನು ಕಾಣ್ತಿದೆ?" ಅಂತ ಕೇಳುತ್ತಾ ಕೂರಬೇಕು.

ಹಳೇ ಡೆಸ್ಕ್‌ಟಾಪ್‌ಗಳದ್ದು ಬೇರೆ ಕಥೆ. ಮದರ್‌ಬೋರ್ಡ್ ಮೇಲಿನ ಸಣ್ಣ ಬಿಲ್ಲೆ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032, ಸತ್ತಿದ್ದರೆ ಸ್ವಿಚ್ ಆರಿಸಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದ್ದರೆ ವೆಬ್‌ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಹೊಂದುವುದಿಲ್ಲ, ಡೌನ್‌ಲೋಡೂ ಆಗುವುದಿಲ್ಲ, ಆಂಟಿವೈರಸ್‌ನ ಕೀ (ಲೈಸೆನ್ಸ್ ನಂಬರ್) ಕೂಡ ಆಕ್ಟಿವೇಟ್ ಆಗುವುದಿಲ್ಲ. ಬ್ಯಾಟರಿಯನ್ನು ಫೋನಿನಲ್ಲಿ ಬದಲಿಸಲು ಆಗುತ್ತದಾ?

ನಮಗೆ ಕರೆ ಮಾಡುವ ಮುಂಚೆ ನೀವೇ ಇಷ್ಟು ನೋಡಿಕೊಳ್ಳಬಹುದು, ಹಣ ಉಳಿದರೂ ಉಳಿಯಬಹುದು. ಪರದೆಯ ಕೆಳಗೆ ಬಲಗಡೆ ತಾರೀಖು ಸರಿ ಇದೆಯಾ ನೋಡಿ. ಸಿ ಡ್ರೈವ್ ಕೆಂಪಾಗಿದ್ದರೆ, ಅಂದರೆ ತುಂಬಿಹೋಗಿದ್ದರೆ, ಒಂದಷ್ಟು ಜಾಗ ಮಾಡಿ. ಆಮೇಲೆ ರೀಸ್ಟಾರ್ಟ್ ಕೊಡಿ. ಶಟ್ ಡೌನ್ ಬೇಡ, ರೀಸ್ಟಾರ್ಟ್ ಅಂತಲೇ ಒತ್ತಿ. ವಿಂಡೋಸ್ 8ರಿಂದ ಈಚೆಗೆ ಶಟ್ ಡೌನ್ ಮಾಡಿದರೂ ಅದು ಒಳಗಿನ ಒಂದಷ್ಟು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಅದಕ್ಕೇ ಅರ್ಧ ಆಗಿ ನಿಂತ ಅಪ್‌ಡೇಟ್ ಹಾಗೇ ಇರುತ್ತದೆ. ಇನ್‌ಸ್ಟಾಲ್ ಮಾಡುವಾಗ 1618 ಅಂತ ಎರರ್ ನಂಬರ್ ಬಂದರೆ ಬೇರೆ ಯಾವುದೋ ಇನ್‌ಸ್ಟಾಲ್ ನಡೆಯುತ್ತಿದೆ ಅಂತ ಅರ್ಥ, ಸ್ವಲ್ಪ ಕಾಯಿರಿ. ಬೇರೆ ನಂಬರ್ ಬಂದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ನಮಗೆ ವಾಟ್ಸ್‌ಆ್ಯಪ್ ಮಾಡಿ, ನೋಡಿ ಹೇಳುವುದಕ್ಕೆ ಹಣ ಇಲ್ಲ.

ವಿಂಡೋಸ್ 7 ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಈಗಿನ ಎಷ್ಟೋ ಆಂಟಿವೈರಸ್‌ಗಳ ಹೊಸ ಆವೃತ್ತಿ ಅದರ ಮೇಲೆ ಕೂರುವುದೇ ಇಲ್ಲ, ಹಾಗಾಗಿ ಅವರಿಗೆ ಇನ್ನು ಕೀ ಮಾರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ಕ್ಕೆ ಹೋಗಲು ಆಗುತ್ತದಾ ಅಂತ ಬಂದಾಗ ನೋಡಿ ಹೇಳುತ್ತೇವೆ. ವಿಂಡೋಸ್ 11 ಇದ್ದು, ಮೇಲ್ ನೋಡುವುದು, ರೈಲ್ವೆ ಟಿಕೆಟ್ ತೆಗೆಯುವುದು ಇಷ್ಟೇ ಬಳಕೆ ಇದ್ದರೆ ಅದರ ಜೊತೆಗೇ ಬರುವ ಡಿಫೆಂಡರ್ ಅನ್ನುವ ಆಂಟಿವೈರಸ್ಸೇ ಸಾಕು. ಅಂಥವರು ಸುಮ್ನೆ ದುಡ್ಡು ಹಾಕಬೇಡಿ, ಡಿಫೆಂಡರ್ ಆನ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಮನೆಗೆ ಬರುವ ದಿನ ಹೊರಡುವ ಮುಂಚೆ ಅಂಗಡಿಯ ನಂಬರಿನಿಂದಲೇ ಫೋನ್ ಮಾಡುತ್ತೇವೆ. ಪಾಸ್‌ವರ್ಡ್ ನೀವೇ ಟೈಪ್ ಮಾಡಿ, ನಮ್ಮ ಹುಡುಗರಿಗೂ ಹೇಳಬೇಡಿ. ಹಿಂದೆ ನಾವು ಹಾಕಿಸಿದ್ದ ಆ್ಯಪ್ ಕಂಪ್ಯೂಟರ್‌ನಲ್ಲಿ ಇನ್ನೂ ಇದ್ದರೆ ಇವತ್ತೇ ತೆಗೆದುಹಾಕಿ. ನಮ್ಮ ಅಂಗಡಿ ಹೆಸರು ಹೇಳಿ ಯಾರಾದರೂ ಕೋಡ್ ಕೇಳಿದರೆ ಅದು ನಾವಲ್ಲ, ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡ ಮಾಡದೆ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ನಮಗೂ ತಿಳಿಸಿ. ಈ ತಿಂಗಳ ಕೆಲಸಕ್ಕೆ ಈಗಾಗಲೇ ದುಡ್ಡು ಕೊಟ್ಟವರ ಮನೆಗೂ ನಾವೇ ಬರುತ್ತೇವೆ, ಯಾವ ದಿನ ಆಗುತ್ತದೆ ಅಂತ ಒಂದು ಮೆಸೇಜ್ ಹಾಕಿ.

ಇಂತಿ,
ಅಂಗಡಿಯ ಎಲ್ಲರೂ
ಡೊಂಬಿವಲಿ ಪೂರ್ವ