ಬಾಯಿಪಾಠಕ್ಕೂ ಮೊದಲು ಲಯ

ಮಾನ್ಯರೇ,

ಸಂಗೀತದ ತರಗತಿ ಎಂದರೆ ಮಕ್ಕಳನ್ನು ಸಾಲಾಗಿ ಕೂರಿಸಿ ಹಾಡು ಒಪ್ಪಿಸುವುದಷ್ಟೇ ಅಲ್ಲ. ಪುಟ್ಟ ಮಕ್ಕಳಿಗೆ ಲಯ ದಕ್ಕುವುದು ಕೈಕಾಲಿನಿಂದ. ಶಿಕ್ಷಕರು ಚಪ್ಪಾಳೆಯಲ್ಲಿ ಕೊಟ್ಟದ್ದನ್ನು ಮಕ್ಕಳು ತೊಡೆ ತಟ್ಟಿ, ನೆಲ ಮೆಟ್ಟಿ ಮರಳಿಸಲಿ. ನಾಲ್ಕನೆಯ ಎಣಿಕೆಗೆ ಎಲ್ಲರೂ ಗಪ್‌ಚುಪ್ ಆದರೆ ಆಟ ರಂಗೇರುತ್ತದೆ. ತಪ್ಪಿದವರನ್ನು ಹೊರಗೆ ಕೂರಿಸುವುದು ಮಾತ್ರ ಬೇಡ.

ಜರ್ಮನಿಯ ಸಂಗೀತ ಸಂಯೋಜಕ ಕಾರ್ಲ್ ಆರ್ಫ್ (1895–1982) ಅವರು ಮಕ್ಕಳ ಸಂಗೀತ ಕಲಿಕೆಗಾಗಿ ರೂಪಿಸಿದ ಪದ್ಧತಿಯಲ್ಲಿ ಬಳಸುವ ಝೈಲೋಫೋನಿನ (ಸಾಲಾಗಿ ಜೋಡಿಸಿದ ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ಪಟ್ಟಿಗಳನ್ನು ಕಳಚಿಡಬಹುದು. ಮ, ನಿ ಸ್ವರಗಳ ಪಟ್ಟಿಗಳನ್ನು ತೆಗೆದರೆ ಉಳಿಯುವುದು ನಮ್ಮ ಮೋಹನ ರಾಗದ ಐದು ಸ್ವರಗಳೇ! ಮಗು ಯಾವುದನ್ನು ಬಾರಿಸಿದರೂ ಕಿವಿಗೆ ಒರಟೆನಿಸದು. ವಾದ್ಯವಿಲ್ಲದಿದ್ದರೆ ಕಾಳು ತುಂಬಿದ ಡಬ್ಬಿ, ಎರಡು ಕೋಲು ಸಾಕು. ಗದ್ದಲವಾಗುತ್ತದೆ, ನಿಜ, ಪಕ್ಕದ ತರಗತಿಯವರು ಕೊಂಚ ಸಹಿಸಿಕೊಳ್ಳಲಿ. ಶಿಕ್ಷಕರ ತರಬೇತಿಯಲ್ಲೂ ಇಂಥ ಚಟುವಟಿಕೆಗಳಿಗೆ ಜಾಗ ಸಿಗಬೇಕು.

– ಒಬ್ಬ ಸಂಗೀತ ಶಿಕ್ಷಕಿ